ಅಪ್ಪನ ಸೀಟು, ಹಳದಿ ಮಫ್ಲರು

ವಿಲ್ಫನ ಗ್ರಹಚಾರ ಶುರುವಾದದ್ದು ಬೀರುವಿನ ಬಾಗಿಲಿನಿಂದ. ಅದು ಒಂದು ದಿನ ತಾನಾಗಿ ತೆರೆದುಕೊಂಡು ಮೂಗಿಗೆ ಬಡಿಯಿತು. ಮುರಿದ ಮೂಗು ಎಡಕ್ಕೆ ವಾಲಿಕೊಂಡೇ ಕೂಡಿತು. ಅಂದಿನಿಂದ, ಥಾರ್ನ್‌ಬಿ ಊರಿನ ಈಜುಕೊಳದಲ್ಲಿ ಟವೆಲು ಕೊಡುವ ಈ ಸಾಧುಪ್ರಾಣಿಯನ್ನು ಕಂಡರೆ ಹೊಸಬರು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು.

ಫುಟ್‌ಬಾಲ್ ರೌಡಿಗಳನ್ನು ಗೇಲಿ ಮಾಡುವ ಹಾಸ್ಯ ಸಿನಿಮಾದವರು ಊರಿಗೆ ಬಂದಾಗ, ಪಕ್ಕದ ಮನೆಯ ಮೇವಿಸ್ ಯಾರನ್ನೂ ಕೇಳದೆ ಆ ಮೂಗನ್ನು ಅವರಿಗೆ ಒಪ್ಪಿಸಿಬಿಟ್ಟಳು.

"ನಿನ್ನ ಹೆಸರು ಕೊಟ್ಟಾಯ್ತು ಚಿನ್ನಾ. ಶನಿವಾರ ಬೆಳಗ್ಗೆ. ಹೊಡೆದಾಟ ಅಂದ್ರೆ ಮಾಂಸ ತುಂಬಿದ ಪೈ ಎಸೆಯೋದಷ್ಟೇ, ಯಾರಿಗೂ ಪೆಟ್ಟಾಗಲ್ಲ."

"ಶನಿವಾರ ಮ್ಯಾಚಿದೆಯಲ್ಲ ಮೇವಿಸ್!"

"ಅದು ಮಧ್ಯಾಹ್ನ ತಾನೇ? ನಿನಗೇನಪ್ಪಾ, ಸೀಟಿದೆ. ನಾನು ಹೆಸರು ಬರೆಸಿ ಕಾದೂ ಕಾದೂ ಕೂದಲು ಬೆಳ್ಳಗಾಯ್ತು. ಮುಂದಿನ ಸರದಿ ನಂದೇ. ಆದ್ರೆ ಯಾರಾದ್ರೂ ಸಾಯ್ಬೇಕಲ್ಲ!"

ವಿಲ್ಫನಿಗೆ ಇದ್ದ ಆಸ್ತಿಯೆಂದರೆ ಮೈದಾನದಲ್ಲಿ ಅಪ್ಪನಿಂದ ಬಂದ ಆ ಕಾಯಂ ಸೀಟು. ಅವನಪ್ಪ ಅದರಲ್ಲೇ ಕೂತು, ಊರ ತಂಡ ಥಾರ್ನ್‌ಬಿ ಒಂದು ದರಿದ್ರ ಗೋಲು ಬಿಟ್ಟುಕೊಟ್ಟ ಗಳಿಗೆಯಲ್ಲಿ ಪ್ರಾಣ ಬಿಟ್ಟಿದ್ದ. ಅಮ್ಮ ಹೆಣೆದ ನೀಲಿ ದಿಂಬಿನ ಮೇಲೆ ಕೂತರೆ ಅಪ್ಪ ಕಿವಿಯ ಹತ್ತಿರವೇ ರೆಫರಿಯನ್ನು ಬೈಯುತ್ತಿದ್ದಾನೆ ಅನ್ನಿಸುತ್ತಿತ್ತು. ಒಂಟಿ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಸುಖ ಇನ್ನೊಂದಿರಲಿಲ್ಲ. ಸೀಟು ಕೈಬಿಡುವ ದಾರಿ ಎರಡೇ: ಸಾಯಬೇಕು, ಇಲ್ಲವೇ ಗಲಾಟೆ ಮಾಡಿ ಕೋರ್ಟಿನಿಂದ ಮೈದಾನಕ್ಕೆ ನಿಷೇಧ ಹಾಕಿಸಿಕೊಳ್ಳಬೇಕು. ಎರಡನೆಯದರ ಬಗ್ಗೆ ವಿಲ್ಫ್ ಎಂದೂ ಯೋಚಿಸಿದವನಲ್ಲ.

ಶನಿವಾರ ಪಬ್ಬಿನ ಮುಂದೆ ಅವನ ಕತ್ತಿಗೆ ಹಳದಿ ಮಫ್ಲರು ಸುತ್ತಿದರು. ಹಳದಿ ಎಂದರೆ ಬದ್ಧವೈರಿ ಕೋಲ್ಟನ್ ತಂಡದ ಬಣ್ಣ; ಥಾರ್ನ್‌ಬಿಯದು ನೀಲಿ.

"ಹಳದಿನಾ? ನಮ್ಮಪ್ಪ ಹಳದಿ ಅಂತ ಕಸ್ಟರ್ಡನ್ನೂ ಮುಟ್ತಿರಲಿಲ್ಲ ಸಾರ್!"

ನಿರ್ದೇಶಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಪೊಲೀಸ್ ವೇಷದವರು ಬಂದ ತಕ್ಷಣ ಪೈ ಮುಖಕ್ಕೇ ಎಸೀರಿ. ಗುರಿ ತಪ್ಪಿದ್ರೆ ಎಲ್ಲಾ ಮೊದಲಿಂದ."

ಗುರಿ ತಪ್ಪುತ್ತಲೇ ಇತ್ತು. ಮಧ್ಯಾಹ್ನವಾಯಿತು. ಮ್ಯಾಚಿಗೆ ಹೊರಟ ಥಾರ್ನ್‌ಬಿಯ ಅಸಲಿ ಅಭಿಮಾನಿಗಳು ಮೂಲೆ ತಿರುಗಿದರು. ತಮ್ಮ ಪಬ್ಬಿನ ಹೊಸ್ತಿಲಲ್ಲಿ ಹಳದಿ ಕಂಡಮೇಲೆ ಅವರಿಗೆ ಕ್ಯಾಮೆರಾ ಕಾಣುವುದು ಹೇಗೆ?

"ನಾನೂ ನಿಮ್ಮೋನೇ ಕಣ್ರೋ! ನೀಲಿ, ನೀಲಿ!" ಎಂದು ವಿಲ್ಫ್ ಕೂಗಿದ.

"ಕತ್ತಲ್ಲಿ ಹಳದಿ, ಬಾಯಲ್ಲಿ ನೀಲಿ! ಗೂಢಚಾರ ಕಣ್ರೋ, ಹಾಕ್ರೋ ಇವನಿಗೆ!"

ವಿಲ್ಫನ ಎರಡು ಹಲ್ಲು ಉದುರಿದವು. "ಅದ್ಭುತ! ಕ್ಯಾಮೆರಾ ನಿಲ್ಲಿಸ್ಬೇಡಿ!" ಎಂದು ನಿರ್ದೇಶಕ ಕುಣಿದ. ವಿಲ್ಫ್ ಓಡಿಹೋಗಿ ಒಬ್ಬ ಪೊಲೀಸಿನವನ ತೋಳು ಹಿಡಿದ.

"ಸ್ವಾಮಿ, ಕಾಪಾಡಿ!"

"ನಾನು ಮೀನಂಗಡಿಯವನು ಕಣಯ್ಯಾ," ಎಂದು ಅವನು ನಡುಗಿದ. "ನನ್ನನ್ನೇ ಯಾರಾದ್ರೂ ಕಾಪಾಡಿದ್ರೆ ಸಾಕಾಗಿದೆ!"

ಅಷ್ಟರಲ್ಲಿ ಇನ್ನೊಂದು ಪೊಲೀಸ್ ವ್ಯಾನು ಬಂದು ನಿಂತಿತು. ಅದರಿಂದ ದಪ್ಪ ಮೀಸೆಯ ಸಾರ್ಜೆಂಟ್ ಇಳಿದ. ವಿಲ್ಫನ ಕೈಯಲ್ಲಿ ಒಂದು ಪೈ ಉಳಿದಿತ್ತು. ಎಸೆಯಬೇಕೋ ಬೇಡವೋ ಎಂದು ಅವನು ಸುತ್ತ ನೋಡಿದ. ಪಬ್ಬಿನ ಮೆಟ್ಟಿಲ ಮೇಲಿಂದ ಮೇವಿಸ್ ಕೂಗಿದಳು:

"ಇವ್ರೂ ಸಿನಿಮಾದೋರೇ ಚಿನ್ನಾ! ಎಸೆ! ಬೇಗ ಮುಗಿಸಿ ಮ್ಯಾಚಿಗೆ ಹೋಗು!"

ವಿಲ್ಫ್ ಎಸೆದ. ಬದುಕಿನಲ್ಲಿ ಮೊದಲ ಸಲ ಅವನ ಗುರಿ ತಪ್ಪಲಿಲ್ಲ.

ಸಾರ್ಜೆಂಟ್ ಮೀಸೆಯಿಂದ ಗ್ರೇವಿ ಒರೆಸಿಕೊಂಡು ಕೋಳ ತೆಗೆದ. "ಅಭಿನಯ ಚೆನ್ನಾಗಿದೆ ಸಾರ್," ಎಂದು ವಿಲ್ಫ್ ಬೊಚ್ಚುಬಾಯಿಯಲ್ಲಿ ಹೊಗಳಿದ. ಸಾರ್ಜೆಂಟ್ ಅಸಲಿ ಎಂದು ಅವನಿಗೆ ಅರ್ಥವಾದದ್ದು ಠಾಣೆಯ ಕೋಣೆಯಲ್ಲಿ ಕೂತಾಗಲೇ. ಕಿಟಕಿಯಾಚೆ ಮೈದಾನದಿಂದ ಭಾರೀ ಕೂಗು ಕೇಳಿಸಿತು. ಥಾರ್ನ್‌ಬಿ ಗೋಲು ಹೊಡೆದಿತ್ತು. ಅವನು ಗೋಡೆಗೆ ಮುಖ ಮಾಡಿ ಅತ್ತ.

ಕೋರ್ಟಿನಲ್ಲಿ ಸಿನಿಮಾದವರ ಚಿತ್ರವನ್ನೇ ಸಾಕ್ಷಿಯಾಗಿ ತೋರಿಸಿದರು. ಪೈ ಮುಖಕ್ಕೆ ಬಡಿದಾಗ ನ್ಯಾಯಾಧೀಶೆ ಬಿದ್ದು ಬಿದ್ದು ನಕ್ಕರು, ಇನ್ನೊಮ್ಮೆ ಹಾಕಿಸಿ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು, ಐದು ವರ್ಷ ಮೈದಾನದ ಸುತ್ತ ಸುಳಿಯಕೂಡದು ಎಂದರು.

ಹೊಸ ಋತುವಿನ ಮೊದಲ ಮ್ಯಾಚಿನ ದಿನ ಮೇವಿಸ್ ಬಾಗಿಲು ಬಡಿದಳು. ಕತ್ತಲ್ಲಿ ಹೊಸ ನೀಲಿ ಮಫ್ಲರು.

"ಬೇಜಾರು ಮಾಡ್ಕೋಬೇಡ ಚಿನ್ನಾ. ನಿನ್ನ ಸೀಟು ನನಗೇ ಬಂತು. ಆದ್ರೆ ಪ್ಲಾಸ್ಟಿಕ್ಕು ನೋಡು, ಕೂತ್ರೆ ಮಂಜುಗಡ್ಡೆ. ನಿಮ್ಮಪ್ಪನ ದಿಂಬು ಇದೆಯಲ್ಲಾ..."

ರಸ್ತೆಯಲ್ಲಿ ಕಾರೊಂದು ಹಾರ್ನ್ ಹೊಡೆಯಿತು. ಒಳಗೆ ಕೂತಿದ್ದ ದಪ್ಪ ಮೀಸೆಯ ಗುರುತು ಹತ್ತಲು ವಿಲ್ಫನಿಗೆ ಹೊತ್ತು ಹಿಡಿಯಲಿಲ್ಲ.

"ಅವರು... ಆ ಸಾರ್ಜೆಂಟು..."

"ನನ್ನ ತಂಗಿ ಗಂಡ ಕಣೋ. ಮದುವೆ ಆಗಿ ಇಪ್ಪತ್ತು ವರ್ಷ ಆಯ್ತು. ಪಾಪ, ಇವತ್ತಿಗೂ ಮೀಸೇಲಿ ಗ್ರೇವಿ ವಾಸನೆ ಬರುತ್ತೆ ಅಂತಾನೆ."

ಅಂದು ಪಬ್ಬಿನ ಮೆಟ್ಟಿಲ ಮೇಲಿಂದ ಅವಳು ಕೂಗಿದ್ದು ವಿಲ್ಫನ ಕಿವಿಯಲ್ಲಿ ಮತ್ತೆ ಕೇಳಿಸಿತು: "ಇವ್ರೂ ಸಿನಿಮಾದೋರೇ ಚಿನ್ನಾ!" ಬಾಯಿಗೆ ಬಂದ ಬೈಗುಳವೆಲ್ಲ ಹಲ್ಲಿಲ್ಲದ ಸಂದಿಯಲ್ಲಿ ಬರೀ ಗಾಳಿಯಾಗಿ ಹೋಯಿತು. ಅಪ್ಪ ಒಂದು ಮ್ಯಾಚನ್ನೂ ತಪ್ಪಿಸಿಕೊಂಡವನಲ್ಲ; ಇದೂ ತಪ್ಪಬಾರದು. ಒಳಗೆ ಹೋಗಿ ನೀಲಿ ದಿಂಬು ತಂದು ಅವಳ ಕೈಗಿಟ್ಟ.

"ಸ್ವಲ್ಪ ಎಡಕ್ಕೆ ವಾಲಿ ಕೂತ್ಕೊಳ್ಳಿ," ಎಂದ. "ಬಲಗಡೆ ಕಂಬ ಅಡ್ಡ ಬರುತ್ತೆ."