ಮಾವನ ಕಕ್ಷಿದಾರ ಮಾವನೇ

ನಮ್ಮ ಸೋದರಮಾವ ತಮಗೆ ತಾವೇ ಫೀಸಿನ ಬಿಲ್ಲು ಬರೆದುಕೊಂಡ ವಕೀಲರು! ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ, ಕಾರ್ಕಳದಲ್ಲಿ ಯಾರನ್ನು ಬೇಕಾದರೂ ಕೇಳಿ. ಮದುವೆ ಊಟದ ಪಂಕ್ತಿಯಲ್ಲಿ ಯಾರಾದರೂ “ಒಂದು ಸಣ್ಣ ಡೌಟು ಉಂಟು ವಕೀಲರೇ” ಅಂದರೆ ಸಾಕು, ಪಾಯಸ ಬರುವ ಮೊದಲೇ ಫೀಸು ಹೇಳಿಬಿಡುತ್ತಾರೆ. ಸ್ವಂತ ಬೀಗರಿಂದಲೇ ಒಂದು ಬುಟ್ಟಿ ಮಟ್ಟುಗುಳ್ಳ ಬದನೆ ವಸೂಲು ಮಾಡಿದವರು!

ಇಂಥವರ ಕೈಯಲ್ಲಿತ್ತು ನನ್ನ ಅಮ್ಮನ ಕೇಸು. ಅಪ್ಪ ಬಸ್ಸಿನಡಿ ಸಿಕ್ಕಿ ತೀರಿಕೊಂಡ ಮೇಲೆ ಪರಿಹಾರಕ್ಕಾಗಿ ಹಾಕಿದ್ದು. “ತಮ್ಮನ ಬಿಲ್ಲು ಕೊಟ್ಟ ಮೇಲೆ ನಮಗೆ ಎಂತ ಉಳಿಯುವುದು ಮಾರಾಯ?” ಎಂಬುದು ಅಮ್ಮನ ನಿತ್ಯದ ಚಿಂತೆ.

ಆ ನಡುವೆ ಉಡುಪಿಯ ಇಸ್ತ್ರಿ ಅಂಗಡಿಯೊಂದರಲ್ಲಿ ಮಾವನ ಕರಿಕೋಟಿನ ಬೆನ್ನು ಸುಟ್ಟುಹೋಯಿತು. “ತೂತು ಮೊದಲೇ ಇತ್ತು” ಅಂದನಂತೆ ಅಂಗಡಿಯವನು. ಮಾವ ಸುಮ್ಮನಿರುತ್ತಾರೆಯೇ? ಕೇಸು ಜಡಿದರು. ಕಕ್ಷಿದಾರ ಮಾವ, ವಕೀಲರೂ ಮಾವ! ಕೋಟಿನ ಬೆಲೆ ಬೇಕು, ಜೊತೆಗೆ ವಕೀಲರ ಫೀಸೂ ಬೇಕು.

ಮನೆಯ ಆಫೀಸಿನಲ್ಲಿ ಕಕ್ಷಿದಾರರ ಕುರ್ಚಿಯಲ್ಲಿ ಕೂತು ದುಃಖ ತೋಡಿಕೊಳ್ಳುವುದು, ಮೇಜು ಸುತ್ತಿ ಬಂದು ವಕೀಲರ ಕುರ್ಚಿಯಿಂದ “ಸತ್ಯ ಹೇಳಿ, ತೂತು ಮೊದಲೇ ಇತ್ತಾ?” ಎಂದು ಗದರುವುದು!

ಅತ್ತೆ ಬಾಗಿಲಲ್ಲಿ ಇಣುಕಿ ಕೇಳಿದರು, “ಚಹಾ ಒಂದಾ, ಎರಡಾ?”

“ಎರಡು. ಒಂದಕ್ಕೆ ಸಕ್ಕರೆ ಬೇಡ, ವಕೀಲರಿಗೆ ಶುಗರ್ ಉಂಟು.”

ವಿಚಾರಣೆಯ ದಿನ ನಾನೂ ಹೋಗಿದ್ದೆ. ಸ್ವಂತ ಕೇಸಿಗೆ ಗೌನು ಹಾಕುವ ಹಾಗಿಲ್ಲ ಎಂದು ನ್ಯಾಯಾಧೀಶರು ಮೊದಲು ಅದನ್ನು ಬಿಚ್ಚಿಸಿದರು. ಆಮೇಲೆ ಕೇಳಿದರು, “ಫೀಸು ಯಾರಿಗೆ ಕೊಡಬೇಕಾದದ್ದು?”

“ನನಗೇ ಸ್ವಾಮಿ.”

“ಕೊಟ್ಟಿದ್ದೀರಾ?”

“ಇಲ್ಲ ಸ್ವಾಮಿ. ಕಕ್ಷಿದಾರರು ಬಾಕಿ ಇಟ್ಟಿದ್ದಾರೆ.”

ಇಡೀ ಕೋರ್ಟು ನಕ್ಕಿತು. ಕೋಟಿನ ಬೆಲೆ ಸಿಕ್ಕಿತು, ಸ್ವಂತ ಕೇಸು ನಡೆಸಿದ್ದಕ್ಕೆ ಫೀಸು ಮಾತ್ರ ಇಲ್ಲ ಎಂದಾಯಿತು. “ಇಂಥ ತೀರ್ಪನ್ನು ನಾನು ಸತ್ತರೂ ಒಪ್ಪುವುದಿಲ್ಲ!” ಎಂದು ಮಾವ ಕಂಡಕಂಡವರ ಮುಂದೆ ಹಾರಾಡಿದರು. ಆ ಫೀಸನ್ನೂ ನಮ್ಮ ಬಿಲ್ಲಿಗೇ ಸೇರಿಸಿಬಿಡುತ್ತಾರೋ ಎಂದು ಅಮ್ಮನ ಚಿಂತೆ ಇನ್ನಷ್ಟು ಹೆಚ್ಚಿತು.

ಅಷ್ಟರಲ್ಲಿ ಅಮ್ಮನ ಪರಿಹಾರದ ಹಣ ಬಂತು. ಅಮ್ಮ ನನ್ನನ್ನು ಕರೆದುಕೊಂಡು ಹೋಗಿ, ಹೆದರುತ್ತಲೇ ಫೀಸಿನ ಲಕೋಟೆಯನ್ನು ಮಾವನ ಮೇಜಿನ ಮೇಲಿಟ್ಟರು. “ಸಾಲದಿದ್ದರೆ ಹೇಳು ತಮ್ಮಾ.”

ಮಾವ ಅದನ್ನು ಮುಟ್ಟಲಿಲ್ಲ. “ತೀರ್ಪು ಗೊತ್ತಿಲ್ವಾ ಅಕ್ಕಾ? ಸ್ವಂತ ಕೇಸಿಗೆ ಫೀಸು ಇಲ್ಲ.”

“ಅದು ನಿನ್ನ ಕೋಟಿನ ಕೇಸು ಮಾರಾಯ. ಇದು ನನ್ನದಲ್ವಾ?”

ಮಾವ ಲಕೋಟೆಯನ್ನು ಎತ್ತಿ ಅಮ್ಮನ ಚೀಲದೊಳಗೆ ತುರುಕಿದರು.

“ಭಾವ ಹೋದದ್ದು ನಿನಗೆ ಮಾತ್ರವಾ ಅಕ್ಕಾ?”