ಮುಂಬೈ ಬ್ಯಾಸಗ್ಯಾಗ ಒಂದು ಹೀಟರ್

ಮುಂಬೈದ ವಡಾಲದಾಗ ಗ್ಯಾರೇಜ್ ತೆಗೆದು ಕುಂತ್ರ ನಗಲಿಕ್ಕ ಟಿವಿ ಹಚ್ಚೋದು ಬ್ಯಾಡ್ರಿ. ಒಂದು ಹಳೇ ವ್ಯಾನ್, ಅದಕ್ಕೊಬ್ಬ ಮಾಲಕ ಇದ್ರ ಸಾಕು.

೧. ಇರ್ಲಿ ಬಿಡಿ

ಈ ಮಾಲಕರು ಉಡುಪಿ ಕಡಿಯವರು, ನಮ್ಮ ಗಲ್ಲಿ ಮೂಲ್ಯಾಗ ಹೋಟೆಲ್. ಆರ್ಡರಿನ ಊಟ ಒಯ್ಯೋ ಅವರ ವ್ಯಾನ್ ಕೆಳಗ ನೀರು ತೊಟ್ಟಿಕ್ತಿತ್ತು. ತೂರಿ ನೋಡಿದ್ರ, ಗಾಡಿ ಒಳಗ ಬೆಚ್ಚಗ ಮಾಡೋ ಹೀಟರಿಗೆ ಎಂಜಿನ್ನಿಂದ ಬಿಸಿನೀರು ಒಯ್ಯೋ ಕಬ್ಬಿಣದ ಪೈಪು ತುಕ್ಕು ತಿಂದು ಹಪ್ಪಳ ಆಗಿತ್ತು.

"ತುಕ್ಕು ಹಿಡಿಸಲಾರದ ಕೂಲಂಟ್ ಬಿಟ್ಟು ನಳದ ನೀರು ಹಾಕೀರೇನ್ರಿ?"

"ಅದೂ ನೀರೇ ಅಲ್ವಾ ಮಾರಾಯ್ರೇ?"

ತಲಿ ಚಚ್ಚಿಕೊಂಡೆ. "ಮುಂಬೈದಾಗ ಹೀಟರ್ ಯಾವನಿಗೆ ಬೇಕ್ರಿ? ತೆಗೆದು ಒಗೀತೀನಿ."

"ಎಂತ ಮಾತು! ಗಾಡಿಯೊಟ್ಟಿಗೆ ಬಂದದ್ದು. ಇರ್ಲಿ ಬಿಡಿ."

"ಒಂದು ದಿನಾನರ ಹಚ್ಚೀರೇನು?"

"ಇಲ್ಲ. ನನ್ನ ಹತ್ರ ಸ್ವೆಟರೂ ಉಂಟು, ಒಮ್ಮೆಯೂ ಹಾಕ್ಲಿಲ್ಲ. ಹಾಗಂತ ಬಿಸಾಡ್ಲಿಕ್ಕೆ ಆಗ್ತದಾ?"

೨. ಭಟ್ಟರ ಮದ್ದು

ತುಕ್ಕು ಹಿಡಿದಷ್ಟು ಕತ್ತರಿಸಿ, ರಬ್ಬರ್ ಪೈಪು ಜೋಡಿಸಿ ಕಳಿಸಿದೆ. ಎಂಟು ದಿನಕ್ಕ ಮತ್ತ ಸೋರ್ತು. ರೇಡಿಯೇಟರಿಗೆ ಅರಿಶಿಣ ಹಾಕಿದ್ರ ತೂತು ಮುಚ್ಚತದ ಅಂತ ಡ್ರೈವರ್ ಮಂದಿ ನಂಬಿಕಿ. ಮಾಲಕರು ಅಡಿಗಿ ಭಟ್ಟರಿಗೆ ಹಾಕಲಿಕ್ಕ ಹೇಳ್ಯಾರ. ಅವತ್ತ ಅರಿಶಿಣ ಖಾಲಿ. ಸಾಂಬಾರ್ ಪುಡಿಯೊಳಗ ಅರಿಶಿಣ ಇದ್ದೇ ಇರ್ತದಲ್ಲ ಅಂತ ಭಟ್ಟರು ಅದನ್ನ ಎರಡು ಸೌಟು ಸುರಿದಾರ!

ಗ್ಯಾರೇಜಿನಾಗ ಮುಚ್ಚಳ ತೆಗೆದ್ರ ಸಾಂಬಾರಿನ ಘಮಕ್ಕ ನನಗ ಹಸಿವಾತು. ನಾಲ್ಕು ಸಲ ತೊಳೆದು ಹೊಸ ಪೈಪು ಹಾಕಿದೆ. ಭಟ್ಟರು ಬಂದು, ತೊಳೆದ ನೀರು ಬಗ್ಗಿ ಮೂಸಿ, "ಇಂಗು ಸ್ವಲ್ಪ ಕಮ್ಮಿ ಆಯ್ತು" ಅಂದ್ರು.

೩. ಮಗಳ ನಿಶ್ಚಿತಾರ್ಥ

ಮೇ ತಿಂಗಳು. ಅಂಧೇರಿಯಾಗ ಮಾಲಕರ ಮಗಳ ನಿಶ್ಚಿತಾರ್ಥ, ಊಟ ಒಯ್ಯೋದು ಇದೇ ವ್ಯಾನಿನಾಗ.

"ಒಂದು ಗಂಟೆಗೆ ಎಲೆ ಹಾಕ್ಬೇಕು. ಗಂಡಿನ ಕಡೆಯವರು ಹಸಿದು ಕೂತ್ರೆ ನನ್ನ ಮರ್ಯಾದೆ ಹೋಯ್ತು" ಅಂತ ನನ್ನೂ ಎಳಕೊಂಡು ಹೊಂಟ್ರು. ಮೈಮ್ಯಾಲ ರೇಷ್ಮಿ ಅಂಗಿ, ಹಣಿಗೆ ಗಂಧ.

ಅರ್ಧ ದಾರಿಗೆ ಟ್ರಾಫಿಕ್. ಎಷ್ಟು ತೊಳೆದ್ರೂ ಒಳಗ ಉಳಿದಿದ್ದ ಸಾಂಬಾರ್ ಪುಡಿ ರೇಡಿಯೇಟರಿನಾಗ ಕಟ್ಟಿಕೊಂತು, ಎಂಜಿನ್ ಕಾದು ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಏರ್ತು.

"ಒಂದು ತಾಸು ನಿಂದ್ರಿಸಿ ಆರಸಬೇಕ್ರಿ" ಅಂದೆ.

"ತಾಸಾ? ಬೇರೆ ದಾರಿ ಇಲ್ವಾ ಮಿಸ್ತ್ರಿ?" ಮಾಲಕರ ದನಿ ಅಳೋಹಂಗ ಆಗಿತ್ತು. ನನಗೂ ಪಾಪ ಅನಿಸ್ತು.

"ಅದ. ಹೀಟರ್ ಪೂರಾ ಹಚ್ಚಿದ್ರ ಎಂಜಿನ್ನಿನ ಬಿಸಿ ನಮ್ಮ ಮ್ಯಾಲ ಬರ್ತದ."

"ಬರ್ಲಿ, ಹಾಕಿ!"

ಅಯ್ಯಯ್ಯಪ್ಪಾ! ಇಬ್ಬರೂ ಇಡ್ಲಿ ಬೆಂದಂಗ ಬೆಂದ್ವಿ. ಆದ್ರ ಮುಳ್ಳು ಇಳೀತು. ಒಂದಕ್ಕ ಐದು ನಿಮಿಷ ಇರೋವಾಗ ಹಾಲ್ ಮುಟ್ಟಿದ್ವಿ.

ಒಳಗ ಎಸಿ ಜೋರು. ಬೆವರಿನಾಗ ತೊಯ್ದ ಮಾಲಕರು ಗಡಗಡ ನಡುಗಲಿಕ್ಕ ಹತ್ತಿದ್ರು. ಎಸಿ ಹಾಲ್ ಅಂತ ಅವರ ಹೆಂಡ್ತಿ ಮೊದಲೇ ಒಂದು ಚೀಲ ತಂದಿದ್ರು.

ಈಗ ನಿಶ್ಚಿತಾರ್ಥದ ಫೋಟೋ ನೋಡ್ರಿ: ಮೇ ತಿಂಗಳು, ಅಂಧೇರಿ, ಹೆಣ್ಣಿನ ಅಪ್ಪ ಕುತ್ತಿಗಿತನಕ ಗುಂಡಿ ಹಾಕಿದ ಸ್ವೆಟರಿನಾಗ! ಎಲಿ ಬಡಿಸಿದ ಮ್ಯಾಲ ನನ್ನ ಹತ್ರ ಬಂದು ಎದಿ ಉಬ್ಬಿಸಿ ಅಂದ್ರು: "ನೋಡಿದ್ರಾ ಮಿಸ್ತ್ರಿ? ಒಂದೇ ದಿನ, ಎರಡೂ ಉಪಯೋಗಕ್ಕೆ ಬಂತು!"