ಟಿಕಳಿ ಹಚಗೊಂಡ ಕುಕ್ಕರ

ನಮ್ಮ ಮನಿಗೆ ಯಾವ ಹೊಸಾ ಸಾಮಾನ ಬಂದ್ರೂ ಮದಲ ನನ್ನ ಮರ್ಯಾದಿ ಹೊರಗ ಕಳಿಸಿ, ಆ ಜಾಗಾದಾಗ ತಾ ಕುಂಡರತೈತಿ. ರೇಡಿಯೋ ಬಂದಾಗೂ ಹಂಗ ಆತು, ಫ್ಯಾನ ಬಂದಾಗೂ ಹಂಗ ಆತು. ಈಗ ಕರೆಂಟಿನ ಕುಕ್ಕರ ಬಂದೈತಿ. ನಾ ಸಾಲಿ ಕಟ್ಟಿ ಹತ್ತಿದಾಂವ ಅಲ್ಲ. ಬನಹಟ್ಟ್ಯಾಗ ಕೈಮಗ್ಗದ ಕುಣಿಯೊಳಗ ಕಾಲ ಬಿಟ್ಟು ಬೆಳದಾಂವ. ಹಿಂಗಾಗಿ ನಾ ಹೇಳತೇನಿ, ಸೊಸಿ ಬರೀತಾಳ. ಇದರಾಗ ಛಲೋ ಅನಿಸಿದ್ದೆಲ್ಲಾ ನಂದು, ತಪ್ಪ ಇದ್ದದ್ದು ಆಕೀದು.

ಮದಲ ನನ್ನ ಮದುವಿ ಮಾತ ಹೇಳಬೇಕು. ಅದು ಆದದ್ದು ಅನಗವಾಡ್ಯಾಗ, ನಮ್ಮಾಕಿ ತವರಮನ್ಯಾಗ, ಹೊಳಿ ದಂಡಿ ಮ್ಯಾಗ. ಗೋದಿ ಹುಗ್ಗಿ ಮಾಡಿದ ಕೊಪ್ಪರಿಗಿ ಎಷ್ಟ ದೊಡ್ಡದಿತ್ತಂದ್ರ, ಅದರ ಈ ಕಡೆ ನಿಂತಾಂವ ಆ ಕಡೆ ನಿಂತಾಂವನ್ನ ಹೋ ಅಂತ ಕೂಗಿ ಕರೀಬೇಕಿತ್ತು. ಹುಗ್ಗಿ ತಳಾ ಹಿಡ್ಯಾಕ ಹತ್ತಿತು. ಅಡಗಿಯವರ ಸೌಟ ನಡೂಮಟಾ ಮುಟ್ಟವಲ್ದು. ಆಗ ಮದುಮಗ ಆದ ನಾ, ತಲಿಗೆ ಬಾಸಿಂಗ ಕಟಗೊಂಡಾಂವ ಕಟಗೊಂಡಂಗ, ಹೊಳ್ಯಾಗಿನ ಹರಿಗೋಲ ಹೊರಿಸಿ ತರಿಸಿ, ಹುಗ್ಗ್ಯಾಗ ಇಳಿಸಿ, ಅದರಾಗ ಕುಂತು ಹುಟ್ಟ ಹಾಕಿ ಹುಗ್ಗಿ ತಿರುವಿದ್ನಿ. ಈ ಮಾತನ್ನ ಜಮಖಂಡಿಯಿಂದ ಬೀಳಗಿತನಕಾ ಮಂದಿ ಬಾಯಿ ತಗದ ಕೇಳ್ಯಾರ. ಒಬ್ಬಾಕಿ ಮಾತ್ರ ಇಷ್ಟ ವರ್ಷಾದ್ರೂ ಒಮ್ಮಿ "ಖರೆ" ಅಂದಿಲ್ಲ. ಆಕೀನ ಆ ಮದುವಿ ಮದುಮಗಳು.

ಹ್ವಾದ ವರ್ಷ ನಮ್ಮಾಕಿ ಹಿತ್ತಲದಾಗ ಜಾರಿ ಬಿದ್ದು ಬಲಗೈ ಮುರಕೊಂಡ್ಲು. ಕೈಗೆ ಪ್ಲಾಸ್ಟರ ಬಂತು. ಮಗಾ ಹೊತ್ತ ಹೊಂಟ್ರ ಪಾವರಲೂಮ ಕಡೆ, ಸೊಸಿ ಅಂಗನವಾಡಿಗೆ. ಸೊಸಿ ರೊಟ್ಟಿ ಬಡದಿಟ್ಟು ಹೋಗಾಕಿ ಖರೆ, ಆದ್ರ ನಮ್ಮಾಕಿಗೆ ಎಡಗೈಲೆ ರೊಟ್ಟಿ ಮುರ್ಯಾಕ ಬರವಲ್ದು.

"ಮಾವಾರ, ಮಧ್ಯಾಹ್ನ ಅತ್ತ್ಯಾರಿಗೆ ಏನರ ಮೆತ್ತಗಿಂದು ಬೇಕಲ್ರಿ. ಕರೆಂಟಿನ ಕುಕ್ಕರ ತರೋಣು, ನೀವು ಬರೇ ಗುಂಡಿ ಒತ್ತಿದ್ರಾತು" ಅಂದ್ಲು ಸೊಸಿ.

ನಾ ಎದಿ ಬಡಕೊಂಡ್ನಿ. "ಹುಗ್ಗ್ಯಾಗ ಹುಟ್ಟ ಹಾಕಿದ ಕೈ ಇದು. ಗುಂಡಿ ಏನ ಲೆಕ್ಕ!"

ನಮ್ಮಾಕಿ ಹಾಸಿಗ್ಯಾಗಿಂದ ಎದ್ದ ಕುಂತ್ಲು. "ಹಂಗಾದ್ರ ಈ ಪ್ಲಾಸ್ಟರ ಬಿಚ್ಚುದ್ರೊಳಗ ನಮ್ಮವ್ವ ಮಾಡತಿದ್ದಂಥಾ ಜ್ವಾಳದ ನುಚ್ಚ ಮಾಡಿ ಹಾಕ್ರಿ. ಬಾಯಿಗೆ ಹತ್ತಿದ್ರ ನಿಮ್ಮ ಹುಗ್ಗಿ ಕಥೀನೂ ಖರೆ ಅಂತೇನಿ."

"ಹತ್ತಲಿಲ್ಲಂದ್ರ?"

"ಜೀವಾ ಇರೂತನಕಾ ಆ ಕಥಿ ಯಾರ ಮುಂದೂ ಹೇಳಾಂಗಿಲ್ಲ."

ಹಲ್ಲ ಹೋದ್ರ ತಡಕೊಂಡೇನು, ಆ ಕಥಿ ಹೋದ್ರ ನನ್ನ ಹಂತ್ಯಾಕ ಏನ ಉಳೀತೈತ್ರಿ?

೧. ನಾಯಿ ಆರಿಸಿದ ಕಣ್ಣು

ಮಗನ ಕೂಡ ಜಮಖಂಡಿ ಪ್ಯಾಟಿಗೆ ಹ್ವಾದ್ನಿ. ಅಂಗಡಿಯಾಂವ ಸಾಲಾಗಿ ಕುಕ್ಕರ ಹಚ್ಚಿದ.

"ಅಜ್ಜಾರ, ಇವು ಬರೇ ಅನ್ನದ್ವಲ್ರಿ. ಖಿಚಡಿ, ಸಾರು, ಇಡ್ಲಿ, ಕೇಕು, ಮಸರು, ಎಲ್ಲಾ ಆಕ್ಕಾವು."

"ರೊಟ್ಟಿ?"

"ರೊಟ್ಟಿ ಆಗಾಂಗಿಲ್ರಿ."

"ಮತ್ತ ಎಲ್ಲಾ ಅಂತ ಯಾಕಂದಿ?"

ಮಗಾ ನನ್ನ ಅಂಗಿ ಜಗ್ಗಿದ. ನಾ ಬಿಡಲಿಲ್ಲ. ಸಂತ್ಯಾಗ ಗಡಗಿ ತಗೊಳ್ಳುವಾಗ ಬಡದ ನೋಡತೇವಲ್ಲ, ಹಂಗ ಬೆರಳ ಮಡಚಿ ಒಂದೊಂದ ಕುಕ್ಕರನ್ನೂ ಬಡದ್ನಿ. ಛಲೋ ಗಡಗಿ ಠಣ್ ಅನ್ನಬೇಕು. ಇವು ಎಲ್ಲಾ ಥಪ್ ಅಂದ್ವು. "ನಿನ್ನ ಅಂಗಡ್ಯಾಗಿನ್ವು ಎಲ್ಲಾ ಸೀಳ್ಯಾವು" ಅಂದ್ನಿ. ಅಂಗಡಿಯಾಂವನ ಮುಖಾ ಸಣ್ಣ ಆತು.

"ನೋಡಪಾ, ತಿಮ್ಮಾಪುರದ ಕಡೆ ಬೇಟಿ ನಾಯಿ ಮರಿ ಆರಿಸಿದಾಂವ ನಾ. ನಡಾ ಸಣ್ಣ, ಎದಿ ಆಳ, ಮೂತಿ ಚೂಪ, ಇಷ್ಟ ನೋಡಿ ಎತಗೊಂಡ ಬಂದ್ನಿ. ಆ ನಾಯಿ ಮೊಲದ ಬೆನ್ನ ಹತ್ತಿ ಮನಿಗೆ ತಿರಗಿ ಬಂದು ನೀರ ಕುಡದು ಮಲಗತಿತ್ತು. ಅದರ ನೆರಳ ಆಮ್ಯಾಗ ತೇಕಕೋತ ಬರತಿತ್ತು. ಆರಸೂದು ನನಗ ಬಿಡು."

ಅಂಗಡಿ ತುಂಬ ಕಣ್ಣ ಆಡಿಸಿದ್ನಿ. ಮೂಲ್ಯಾಗ ಒಂದು ಕಂಡಿತು. ನಡಾ ಸಣ್ಣ, ಮೂತಿ ಚೂಪ, ನಿಂತ ನಿಲುವಿಕಿ ಏನ ಹೇಳ್ತೀರಿ! "ಇದನ್ನ ಕಟ್ಟು" ಅಂದ್ನಿ.

"ಅಜ್ಜಾರ, ಅದು ಚಾದ ನೀರ ಕಾಸೂ ಕೆಟಲಿ ಐತ್ರಿ."

ಮಗಾ ಸುಮ್ನ ಒಂದು ಗುಂಡನ ಕುಕ್ಕರ ತಗೊಂಡ. ಬಸ್ಸಿನ್ಯಾಗ ತೊಡಿ ಮ್ಯಾಗ ಇಟಗೊಂಡ ನೋಡಿದ್ನಿ. ಉಂಡು ಕುಂತ ಸಾಹುಕಾರನಂಗ ಹೊಟ್ಟಿ ಬಿಟ್ಟಿತ್ತು. "ಏನರ ಅನ್ನು ಮಗನ, ಇದು ಮೊಲಾ ಹಿಡಿಯೂದಿಲ್ಲ" ಅಂದ್ನಿ.

೨. ಕಣ್ಣಿನ ಮಾವಿನಕಾಯಿ

ಕುಕ್ಕರಿನ ಮುಖದ ತುಂಬ ಗುಂಡಿ, ಗುಂಡಿಗೊಂದು ಚಿತ್ರ. ನನ್ನಂಥಾ ಓದು ಬಾರದಾಂವನ ಸಲುವಾಗಿ ಮಾಡ್ಯಾರಂತ ಖುಷಿ ಆತು. ನಮ್ಮಾಕಿ ಬಗ್ಗಿ ನೋಡಿದಾಕಿ ಹಾವ ತುಳದಂಗ ಹಿಂದ ಸರದ್ಲು.

"ಅಯ್ಯ ಶಿವನ! ಇದರ ಮ್ಯಾಗ ಮೀನ ಐತಿ! ಕೊಳ್ಳಾಗ ಲಿಂಗಾ ಕಟಗೊಂಡವರ ಮನಿ ಇದು. ಈ ಡಬ್ಬಿ ಅಡಗಿಮನಿ ಹೊಸ್ತಿಲಾ ದಾಟಾಂಗಿಲ್ಲ."

"ಲೇ, ಅದು ಮೀನ ಅಲ್ಲ, ಮಾವಿನಕಾಯಿ."

"ಮಾವಿನಕಾಯಿಗೆ ಕಣ್ಣ ಇರತೈತೇನ್ರಿ?"

"ಹೊಸಾ ತಳಿ."

"ಬಾಲಾ?"

ಇಡೀ ದಿನ ಕುಕ್ಕರ ಪಡಸಾಲ್ಯಾಗ ಬೀಗರ ಹಂಗ ಕುಂತಿತು. ಕಡೀಕ ಸೊಸಿ ಉಪಾಯ ತಗದ್ಲು. ಕನ್ನಡಿಗೆ ಅಂಟಿಸಿದ್ದ ನಮ್ಮಾಕಿ ಟಿಕಳಿಯೊಳಗ ದೊಡ್ಡದೊಂದು ಆರಿಸಿ ಕೊಟ್ಲು. ನಮ್ಮಾಕಿ ತನ್ನ ಎಡಗೈಲೆ ಅದನ್ನ ಮೀನದ ಮ್ಯಾಗ ಗಟ್ಟ್ಯಾಗಿ ಒತ್ತಿ ಅಂಟಿಸಿದ್ಲು. ಕಣ್ಣೂ ಹೋತು, ಬಾಲಾನೂ ಹೋತು. ಕುಕ್ಕರ ಹಣಿಗೆ ಟಿಕಳಿ ಇಟಗೊಂಡು ಮುತ್ತೈದಿಯಂಗ ಒಳಗ ಬಂತು. ಅರಿಷಿಣ ಕುಂಕುಮಾನೂ ಆತು.

"ಮಾವಾರ, ಅನ್ನದ ಗುಂಡಿ ಟಿಕಳಿಯಿಂದ ಎರಡನೇದ್ದು ನೋಡ್ರಿ" ಅಂತ ಸೊಸಿ ಹೇಳಿ ಹ್ವಾದ್ಲು. ಈಗ ನೀವ ಹೇಳ್ರಿ, ಕಣ್ಣ ಮಂಜಾದ ಮುದುಕನ ಬೆರಳಿಗೆ ಆ ನುಣ್ಣನ ಮುಖದಾಗ ಉಬ್ಬಿ ಹತ್ತೂದು ಯಾವುದು? ಟಿಕಳಿ ಒಂದ. ಮೀನ ಬ್ಯಾಡಂತ ಟಿಕಳಿ ಹಚ್ಚಿದ ನಮ್ಮ ಮನ್ಯಾಗ ಅವತ್ತಿನಿಂದ ಮೀನದ ಗುಂಡಿ ಬಿಟ್ಟು ಬ್ಯಾರೆ ಗುಂಡಿ ಯಾರೂ ಒತ್ತಿಲ್ಲ.

೩. ಅನ್ನದ ಜ್ವರಾ

ಮದಲನೇ ಸಲ ಕುಕ್ಕರಿನಿಂದ ಅನ್ನದ ಹಬಿ ಬಂದಾಗ ಎದುರಮನಿ ಮುದಕಿ ಕೋಲ ಊರಕೋತ ಬಂದ್ಲು. "ಯಾರಿಗೆ ಜ್ವರಾ ಬಂದಾವು?"

ಈಗಿನ ಹುಡುಗರಿಗೆ ಇದು ತಿಳಿಯೂದಿಲ್ಲ. ನಮ್ಮ ಕಾಲಕ್ಕ ದಿನಾ ಜ್ವಾಳದ ರೊಟ್ಟಿ, ಜ್ವಾಳದ ನುಚ್ಚು. ಅನ್ನ ಅಂದ್ರ ಹಬ್ಬಕ್ಕ, ಇಲ್ಲಾ ಅಳ್ಯಾ ಬಂದಾಗ, ಇಲ್ಲಾ ಮೈ ಸುಡೂವಾಗ. ನಾ ಆಗ ಸಣ್ಣ ಹುಡುಗ. ಹಬ್ಬಾ ನಮ್ಮ ಕೈಯಾಗಿಲ್ಲ, ಅಳ್ಯಾ ಆಗೂ ವಯಸ್ಸಲ್ಲ. ಉಳದದ್ದು ಜ್ವರಾ. ಬಗಲಾಗ ಉಳ್ಳಾಗಡ್ಡಿ ಇಟಗೊಂಡು ಮಲಗಿದ್ರ ಮೈ ಕಾಯತೈತಿ ಅಂತ ಯಾರೋ ಹೇಳಿದ್ರು. ನಾ ಎರಡೂ ಬಗಲಾಗ ಇಟಗೊಂಡ್ನಿ. ಮೈ ಎಷ್ಟ ಕಾದಿತ್ತಂದ್ರ, ಅವ್ವ ನನ್ನ ಹೊಟ್ಟಿ ಮ್ಯಾಗ ಹಪ್ಪಳಾ ಸುಟ್ಟಿದ್ರ ಸುಡತಿತ್ತು.

ಅವ್ವ ಅನ್ನಕ್ಕ ಇಟ್ಲು. ವಾಸನಿ ಓಣಿ ತುಂಬ ಹೋತು. ಒಂದೀಟ ಹೊತ್ತಿಗೆ ಓಣ್ಯಾಗಿನ ಹುಡುಗರೆಲ್ಲಾ ಕಂಬಳಿ ಹೊಚಗೊಂಡು ನಡಗಕೋತ ನಮ್ಮ ಕಟ್ಟಿಗೆ ಬಂದ್ರು. ಎಲ್ಲಾರಿಗೂ ಜ್ವರಾ! ಅವ್ವ ಶಾಣ್ಯಾಕಿ. "ಅನ್ನ ಆಮ್ಯಾಗ, ಮದಲ ಕಷಾಯ" ಅಂತ ಬೇವಿನ ತೊಗಟಿ ಕುದಿಯಾಕ ಹಾಕಿದ್ಲು. ಆ ಕಹಿ ವಾಸನಿಗೆ ಓಣಿ ಜ್ವರಾ ಒಮ್ಮೆಲೇ ಇಳದು, ಹುಡುಗರು ಕಂಬಳಿ ಬಿಟ್ಟ ಓಡಿದ್ರು. ಅನ್ನ ಅಪ್ಪಾ ಉಂಡ.

ನನ್ನ ಜ್ವರಾ ಮಾತ್ರ ಇಳೀಲಿಲ್ಲ. ಲೋಟಗಟ್ಲೆ ಕಷಾಯ ಕುಡಿಸಿದ್ರು. ಗಾಬರ್ಯಾಗ ಉಳ್ಳಾಗಡ್ಡಿ ತಗ್ಯಾಕ ಮರತಿದ್ನಿ.

೪. ಹೊತ್ತ ಮುಣಗೂದ್ರೊಳಗ

ತೇರದಾಳದಾಗ ನನ್ನ ಹಳೇ ಗೆಳ್ಯಾ ಅದಾನ. ಜೈನರಾಂವ, ಸೀರಿ ವ್ಯಾಪಾರಿ. ನಾ ನೇದ ಸೀರಿ ಎಲ್ಲಾ ಅವನ ಅಂಗಡಿಗೇ ಹೋಗತಿದ್ವು. ಹೊತ್ತ ಮುಣಗಿದ ಮ್ಯಾಲ ಆಂವ ಒಂದ ಅಗಳೂ ಬಾಯಾಗ ಹಾಕಾಂಗಿಲ್ಲ. ಅವನ ಮುಂದ ನಾ ಜಂಬಾ ಕೊಚ್ಚಿದ್ನಿ. "ಹೇಳಿದ ಹೊತ್ತಿಗೆ ತಾನ ಅಡಗಿ ಮಾಡೂ ಮಷೀನ ತಂದೇನಿ. ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ ಖಿಚಡಿ ಮಾಡಸ್ತೇನಿ, ಸಂಜೀಕ ಬಾ."

ಬಂದ. ಅಂಗಳದಾಗ ಗಂಗಾಳಾ ಮುಂದಿಟಗೊಂಡು ಪಡವಲಕ್ಕ ಮುಖಾ ಮಾಡಿ ಕುಂತ. ಸೂರ್ಯಾ ಇಳೀತ ಹೊಂಟ.

"ಲೇ ದೋಸ್ತ, ಮದಲ ನಿನ್ನ ಖಿಚಡಿ ಇಳೀತೈತೋ, ನನ್ನ ಸೂರ್ಯಾ ಇಳೀತಾನೋ?"

"ಅವಸರಾ ಮಾಡಬ್ಯಾಡ. ಬೇಕಾದ್ರ ಸೂರ್ಯಾನ್ನ ಸ್ವಲ್ಪ ಹಿಡದ ನಿಂದರಸ್ತೇನಿ."

"ಮಷೀನಿನ ದೀಪಾನ ಹತ್ತಿಲ್ಲಲ್ಲೋ?"

"ದೊಡ್ಡ ಮಷೀನು. ದೀಪಾ ಹಚ್ಚಿ ತೋರಿಸಿ ಕೆಲಸಾ ಮಾಡಾಂಗಿಲ್ಲ."

ಸೂರ್ಯಾ ಮುಣಗಿದ. ಗೆಳ್ಯಾ ಗಂಗಾಳಾ ಬೋರಲ ಹಾಕಿದ. ಆಗ ನಮ್ಮಾಕಿ ಎಡಗೈಲೆ ಕುಕ್ಕರಿನ ಬಾಲಾ ಎತ್ತಿ ತೋರಿಸಿದ್ಲು. ವಾಯರು ನೆಲದ ಮ್ಯಾಗ ಬಿದ್ದಿತ್ತು, ಪ್ಲಗ್ಗ ಹಾಕಿದ್ದಿಲ್ಲ.

ನಾ ನಾಚಿ ನೀರಾದ್ನಿ. ಮೀನದ ಸುದ್ದಿ ನಮ್ಮಾಕಿಯಿಂದ ಕೇಳಿದ್ದ ಗೆಳ್ಯಾ ಎದ್ದು ಕುಕ್ಕರಿಗೆ ಕೈ ಮುಗದ. "ತಾಯಿ, ಟಿಕಳಿ ಇಟಗೊಂಡು ನನ್ನ ಧರ್ಮಾನೂ ಉಳಿಸಿದಿ, ಇವನ ಅಡಗಿಯಿಂದ ನನ್ನ ಜೀವಾನೂ ಉಳಿಸಿದಿ."

೫. ಹರಿಗೋಲ ದಂಡಿಗೆ ಹತ್ತಿತು

ಇಷ್ಟಾದ್ರೂ ನುಚ್ಚ ಮಾತ್ರ ಕೂಡಿ ಬರವಲ್ದು. ಒಡದ ಜ್ವಾಳಾ, ನೀರು, ಉಪ್ಪು. ಇದರಾಗ ಏನ ಬ್ರಹ್ಮವಿದ್ಯಾ ಐತಿ ಅನ್ಕೊಂಡಿದ್ನಿ. ಒಮ್ಮಿ ಗ್ವಾಡಿಗೆ ಮೆತ್ತೂ ಹಂಗಾತು. ಒಮ್ಮಿ ಹಬಿ ಕಿಂಡ್ಯಾಗಿಂದ ಚಿಮ್ಮಿ ಮ್ಯಾಲಿನ ಜಂತಿಗೆ ಹತ್ತಿತು, ಅದನ್ನ ತಿಂದ ಹಲ್ಲಿ ಇನ್ನೂ ಅಲ್ಲೇ ಅಂಟಗೊಂಡೈತಿ. ಒಮ್ಮಿ ಆಕಳಿಗೆ ಹಾಕಿದ್ನಿ. ಅದು ಮೂಸಿ ನೋಡಿ, ಆಮ್ಯಾಗ ನನ್ನ ಮುಖಾ ನೋಡಿ, ಒಣಾ ಕಣಕಿ ತಿನ್ನಾಕ ಹೋತು. ನಮ್ಮಾಕಿ ದಿನಾ ಒಂದು ತುತ್ತ ಬಾಯಿಗೆ ಇಟಗೊಂಡು ಹೇಳಾಕಿ: "ಇನ್ನೂ ಹರಿಗೋಲ ದಂಡಿಗೆ ಹತ್ತಿಲ್ಲ ಬಿಡ್ರಿ."

ನಮ್ಮ ಅತ್ತಿ ನುಚ್ಚ ನಾ ಉಂಡೇನಲ್ಲ! ಅನಗವಾಡಿಗೆ ಅಳ್ಯಾ ಆಗಿ ಹ್ವಾದಾಗ ನನಗ ಅನ್ನ ಮಾಡತಿದ್ರು. ನಾ ಅನ್ನಾ ಬಿಟ್ಟು, ಮನಿಯವರಿಗೆ ಮಾಡಿದ ನುಚ್ಚಿನ ಗಡಗಿಗೆ ಕೈ ಹಾಕತಿದ್ನಿ. ಒಂದೊಂದ ಕಾಳೂ ಮಲ್ಲಿಗಿ ಮಗ್ಗಿ ಬಿರದಂಗ. ಮ್ಯಾಲ ಮಜ್ಜಿಗಿ, ಬಾಜೂಕ ಹಸಿ ಮೆಣಸಿನಕಾಯಿ ಖಾರಾ. ಅತ್ತಿ ಅದಕ್ಕ ಏನ ಮಾಡತಿದ್ಲು ಅಂತ ಎಷ್ಟ ನೆನಸಿದ್ರೂ ನೆನಪಾಗವಲ್ದು. ನೆನಪಾಗೂದು ಒಂದ, ನುಚ್ಚ ಒಲಿ ಮ್ಯಾಗ ಇದ್ದಾಗ ಅತ್ತಿ ಮನ್ಯಾಗ ಇರತಿದ್ದಿಲ್ಲ. ಅರಬಿ ಗಂಟ ಹೊತಗೊಂಡು ಹೊಳಿಗೆ ಹೋಗಿರತಿದ್ಲು.

ಪ್ಲಾಸ್ಟರ ಬಿಚ್ಚೂ ದಿನಾ ಬಂತು. ಮುಧೋಳಕ್ಕ ಹೋಗಬೇಕು. ನನ್ನ ಕಥಿಗೆ ಅದ ಕಡೀ ದಿನಾ. ಮುಂಜಾನೆ ಗಡಬಡ್ಯಾಗ ನುಚ್ಚ ಹಾಕಿ, ನೀರ ಸುರವಿ, ಈ ಸಲ ಪ್ಲಗ್ಗ ಎರಡ ಸಲ ಮುಟ್ಟಿ ನೋಡಿ, ಟಿಕಳಿ ಒತ್ತಿದ್ನಿ. ದಿನದಂಗ ಮುಚ್ಚಳಾ ತಗದು ತಿರುವೂಣು ಅನ್ನೂದ್ರಾಗ ಬಸ್ಸ ಹಾರನ್ ಹೊಡೀತು. "ಬರ್ರೀ, ಬಸ್ಸ ಹೋಗತೈತಿ" ಅಂತ ನಮ್ಮಾಕಿ ಒದರಿದ್ಲು. ಬಿಟ್ಟ ಓಡಿದ್ನಿ.

ದವಾಖಾನ್ಯಾಗ ಪಾಳಿ ಎಷ್ಟ ಉದ್ದ ಇತ್ತಂದ್ರ, ಮುಂದ ನಿಂತಾಂವನ ಕೈ ತಾನ ಕೂಡಿಕೊಂಡು ಆತ ಮನಿಗೆ ಹ್ವಾದ. ಪ್ಲಾಸ್ಟರ ಬಿಚ್ಚಿಸಿಕೊಂಡು ಮನಿಗೆ ಬರೂದ್ರಾಗ ಹೊತ್ತ ಇಳದಿತ್ತು. ಕುಕ್ಕರಿನ ಸಣ್ಣ ದೀಪಾ ಒಲ್ಯಾಗಿನ ಕೆಂಡದಂಗ ಮಿಣಕ್ ಅಂತಿತ್ತು. ನನ್ನ ಕಥಿ ಇವತ್ತಿಗೆ ಮುಗೀತು ಅಂತ ಮುಚ್ಚಳಾ ತಗದ್ನಿ.

ವಾಸನಿ ಬಂತು. ನಮ್ಮಾಕಿ ಬಾಗಲದಾಗ ಚಪ್ಪಲಿ ಬಿಡಾಕ ಬಗ್ಗಿದಾಕಿ ಹಂಗ ನಿಂತ್ಲು. ಬಂದು ಕುಂತ್ಲು. ಗಂಗಾಳಕ್ಕ ನೀಡಿ ಮಜ್ಜಿಗಿ ಹಾಕಿದ್ನಿ. ಪ್ಲಾಸ್ಟರ ಬಿಚ್ಚಿದ ಬಲಗೈ ಬೆಳ್ಳಗ, ಸಣ್ಣಗ ಆಗಿತ್ತು. ಆ ಕೈಲೆ ಮದಲನೇ ತುತ್ತ ಎತ್ತಿದ್ಲು. ಇನ್ನೊಂದು ಎತ್ತಿದ್ಲು. ಗಂಗಾಳಾ ಖಾಲಿ ಆತು.

"ಅವ್ವ ಹೊಳಿಗೆ ಹೋಗಿ ಬಂದಂಗಾತ ನೋಡ್ರಿ" ಅಂದ್ಲು. "ತಿರುವಿಲ್ಲ ಹೌದಿಲ್ಲೋ? ಅವ್ವ ನುಚ್ಚಿಗೆ ಸೌಟ ಹಚ್ಚತಿದ್ದಿಲ್ಲ. ಕೆಂಡದ ಮ್ಯಾಗ ಬಿಟ್ಟ ಹೋಗತಿದ್ಲು. ಯಾವ ಗುಂಡಿ ಒತ್ತಿದ್ರಿ?"

ಮೀನದ್ದು ಅಂದ್ರ ಉಂಡದ್ದನ್ನೆಲ್ಲಾ ಉಗುಳಾಕಿ. ನಾ ಗ್ವಾಡಿ ನೋಡಿದ್ನಿ. ಸೊಸಿ ಜಂತಿ ನೋಡಿದ್ಲು.

ನಮ್ಮಾಕಿ ಕುಕ್ಕರಿನ ಹಣಿ ಮ್ಯಾಗ ಸವದ ಹಾಳಿ ಆಗಿದ್ದ ಟಿಕಳಿ ನೋಡಿದ್ಲು. "ಮಾವಿನಕಾಯಿ ಗುಂಡಿ ಒತ್ತಿರಬೇಕು" ಅಂದು, ಗಂಗಾಳಾ ಮತ್ತ ಮುಂದ ಚಾಚಿದ್ಲು.

ನನಗ ಜೀವಾ ಬಂತು. ಓಣಿ ಮಂದಿನ್ನೆಲ್ಲಾ ಕರದ್ನಿ. ಎದುರಮನಿ ಮುದಕಿ ಬಂದ್ಲು. "ಈಗ ಎಲ್ಲಾರ ಮುಂದ ಹೇಳು. ನನ್ನ ಹುಗ್ಗಿ ಮಾತ ಖರೆಯೋ, ಅಲ್ಲೋ?"

"ಖರೆ" ಅಂದ್ಲು ನಮ್ಮಾಕಿ.

ಎದಿ ಉಬ್ಬಿ ಅಂಗಿ ಗುಂಡಿ ಹರದು ಹೋದ್ವು. ಆದ್ರ ಆಕಿ ನಿಂದರಲಿಲ್ಲ. ಬಾಯಿ ವರಸಿಕೊಂಡು ಮುಂದ ಹೇಳಿದ್ಲು: "ಆ ಹರಿಗೋಲಿನ್ಯಾಗ ನಾನೂ ಇದ್ನೆಲ್ಲ. ಇವರು ಒಂದ ಹುಟ್ಟ ಹಾಕೂದ್ರಾಗ ಬಾಸಿಂಗ ಸಮೇತ ಹುಗ್ಗ್ಯಾಗ ಬಿದ್ರು. ಈಜಾಕ ಬರವಲ್ದು, 'ಅವ್ವಾ' ಅಂತ ಒದರಾಕತ್ತಿದ್ರು. ಮದುವಿ ಸೀರಿ ಸೆರಗ ಬಿಟ್ಟು ಎಳದ ಹಾಕಿದಾಕಿ ನಾ. ಬೆಲ್ಲಾ ಹತ್ತಿ ಮೂರ ದಿನಾ ಇವರ ಮೈಗೆ ಇರಬಿ ಮುಕರಿದ್ವು. ಆದ್ರೂ ಒಂದ ಮಾತ ಹೇಳಬೇಕವ್ವಾ, ಆ ಸೆರಗ ಹರೀಲಿಲ್ಲ. ಇವರ ಕೈಲೆ ನೇದ ಸೀರಿ ಅದು."

ಮುದಕಿ ಬಾಯಿ ತಗದ ಕೇಳಾಕತ್ತಿದ್ಲು. ನನ್ನ ಕಥಿ ಕೇಳುವಾಗ ಒಮ್ಮಿಯೂ ಅಷ್ಟ ತಗದಿದ್ದಿಲ್ಲ.

ಈಗ ನನಗ ಬಂದ ಪಜೀತಿ ನೋಡ್ರಿ. ಆಕಿ ಮಾತ ಸುಳ್ಳ ಅಂದ್ರ ಹರಿಗೋಲಾನೂ ಸುಳ್ಳ ಆಗತೈತಿ, ಅದರ ಕೂಡ ಆ ಸೆರಗ ನೇದ ನನ್ನ ನೇಗೀನೂ. ಖರೆ ಅಂದ್ರ ಹುಗ್ಗ್ಯಾಗ ಬಿದ್ದು 'ಅವ್ವಾ' ಅಂದಾಂವ ನಾ. ಹಿಂಗಾಗಿ ಬನಹಟ್ಟ್ಯಾಗ ಈಗ ಯಾರರ ಬಂದು "ಅಜ್ಜಾ, ಹುಗ್ಗಿ ಕಥಿ ಹೇಳು" ಅಂದ್ರ, ನಾ ಇರಬಿ ಕಡದ ಜಾಗಾ ತೋರಸ್ತೇನಿ.